ಒಂದು ವರ್ಷ ಬುಲೆಟ್ ಎರಕ ನಿಲ್ಲಿಸಬೇಕು, ಶೆಡ್ಡಿನಲ್ಲಿರುವುದನ್ನೆಲ್ಲ ಏನು ಮಾಡಲಿ?

ಪ್ರಶ್ನೆ: ಮೂರು ವರ್ಷದಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ಸೀಸದ ಬುಲೆಟ್ ಎರಕ ಹೊಯ್ಯುತ್ತಿದ್ದೇನೆ. ಲೈಸೆನ್ಸ್ ಎಲ್ಲ ಸರಿಯಾಗಿದೆ. ಈಗ ಆಫೀಸಿನಲ್ಲಿ ಹೊಸ ಜವಾಬ್ದಾರಿ ತಲೆ ಮೇಲೆ ಬಿದ್ದಿದೆ, ಕನಿಷ್ಠ ಒಂದು ವರ್ಷ ಪುರುಸೊತ್ತು ಇರುವುದಿಲ್ಲ. ಕೆಳಗಿನ ನಳಿಕೆಯಿಂದ ಹೊಯ್ಯುವ ಕರೆಂಟ್ ಪಾತ್ರೆಯಲ್ಲಿ ಅರ್ಧ ಸೀಸ ಹಾಗೇ ಹೆಪ್ಪುಗಟ್ಟಿ ಕೂತಿದೆ. ಎರಡು ಕಬ್ಬಿಣದ ಅಚ್ಚು, ಒಂದು ಅಲ್ಯೂಮಿನಿಯಂ ಅಚ್ಚು ಇವೆ. ಸುಮಾರು ಎರಡು ಸಾವಿರ ಬುಲೆಟ್ ಲೂಬ್ (ನಳಿಗೆಯಲ್ಲಿ ಜಾರಲು ಹಚ್ಚುವ ಮೇಣ) ಹಚ್ಚದೆ ಮರದ ಡ್ರಾಯರಿನಲ್ಲಿವೆ. ರಾತ್ರಿ ಒಂದೊಂದು ಗಂಟೆ ಮಾಡಿಕೊಂಡು ಹೋಗಲಾ, ಇಲ್ಲ ಎಲ್ಲ ಮಾರಿಬಿಡಲಾ? ಮನೆಯಲ್ಲಿ ಚಿಕ್ಕ ಮಗುವಿದೆ. ಹೆಂಡತಿಗೆ ಸೀಸದ ಬಗ್ಗೆ ಭಯ.

ಉತ್ತರ: ಮಾರಬೇಡಿ. ರಾತ್ರಿ ಒಂದು ಗಂಟೆಯ ಎರಕವೂ ಬೇಡ. ನಿಲ್ಲಿಸಿ. ಆದರೆ ನಿಲ್ಲಿಸುವುದೂ ಒಂದು ಕೆಲಸವೇ, ಅದಕ್ಕೊಂದು ಪೂರ್ತಿ ರಜೆ ದಿನ ಕೊಡಿ. ನೀವು ಬರೆದದ್ದು ನೋಡಿದರೆ ಈಗ ನೀವು ನಿಲ್ಲಿಸಿಯೂ ಇಲ್ಲ, ನಡೆಸುತ್ತಲೂ ಇಲ್ಲ. ಅರ್ಧ ಪಾತ್ರೆ ಸೀಸ, ಹೊರಗೆ ಬಿದ್ದಿರುವ ಅಚ್ಚು, ಡ್ರಾಯರಿನಲ್ಲಿ ಬೆತ್ತಲೆ ಬುಲೆಟ್. ಈ ಹವ್ಯಾಸದಲ್ಲಿ ಸಾಮಾನು ಹಾಳಾಗುವುದು ಜಾಸ್ತಿ ಇಂಥ ನಡುಗಾಲದಲ್ಲೇ.

ಇದನ್ನು ಪುಸ್ತಕ ನೋಡಿ ಹೇಳುತ್ತಿಲ್ಲ. ನಾನೂ ಒಮ್ಮೆ ಕೆಲಸದ ಗಡಿಬಿಡಿಯಲ್ಲಿ ‘ಬರುವ ವಾರ ಮುಂದುವರಿಸೋಣ’ ಅಂತ ಎದ್ದು ಹೋದೆ. ಆ ಬರುವ ವಾರ ಬಂದಿದ್ದು ಹದಿನಾಲ್ಕು ತಿಂಗಳ ಮೇಲೆ. ಬೆಂಚಿನ ಮೇಲೆ ಕಬ್ಬಿಣದ ಅಚ್ಚು ಅರ್ಧ ಬಾಯಿ ತೆರೆದುಕೊಂಡು ಬಿದ್ದಿತ್ತು. ಪಕ್ಕದಲ್ಲಿ ಬುಲೆಟ್ ತಣಿಸಲು ಇಟ್ಟಿದ್ದ ಬಕೆಟ್. ನೀರೆಲ್ಲ ಆರಿಹೋಗಿ ತಳದಲ್ಲಿ ಬಿಳಿ ಪೊರೆ ಮಾತ್ರ ಇತ್ತು. ಆ ನೀರು ಹೋಗಿದ್ದು ಎಲ್ಲಿಗೆ ಅಂತ ಅಚ್ಚು ನೋಡಿದರೆ ಗೊತ್ತಾಗುತ್ತಿತ್ತು. ಎರಡು ಹೋಳು ಸೇರುವ ಅಂಚಿನ ಉದ್ದಕ್ಕೂ ರಾಗಿ ಕಾಳಿನಂಥ ಕೆಂಪು ಚುಕ್ಕೆ. ಬುಲೆಟ್ಟಿನ ಮೂತಿ ಬರುವ ಜಾಗದಲ್ಲಿ ನನ್ನ ಹೆಬ್ಬೆರಳಿನ ಗುರುತು, ಗೆರೆ ಗೆರೆ ಎಣಿಸುವಷ್ಟು ಸ್ಪಷ್ಟವಾಗಿ, ತುಕ್ಕಿನಲ್ಲಿ ಮೂಡಿತ್ತು. ಉಜ್ಜಿ ತೆಗೆದೆ. ತುಕ್ಕು ಹೋಯಿತು, ಅದರ ಕೆಳಗಿನ ಸಣ್ಣ ಗುಳಿಗಳು ಹೋಗಲಿಲ್ಲ. ಆಮೇಲೆ ಆ ಅಚ್ಚಿನಿಂದ ಬುಲೆಟ್ ತಾನಾಗಿ ಉದುರಿದ್ದೇ ಇಲ್ಲ. ಪ್ರತಿ ಸಲವೂ ಹಿಡಿಕೆಯ ಕೀಲಿಗೆ ಮರದ ಕೋಲಿನಿಂದ ತಟ್ಟಬೇಕು. ಈಗಲೂ ಅದು ನನ್ನ ಬಳಿ ಇದೆ. ಬೈದುಕೊಂಡೇ ಬಳಸುತ್ತೇನೆ.

ರಾತ್ರಿ ಒಂದು ಗಂಟೆಯ ಲೆಕ್ಕ ಏಕೆ ಹೊಂದುವುದಿಲ್ಲ ಅಂತ ನೋಡೋಣ. ಪಾತ್ರೆಗೆ ಸ್ವಿಚ್ ಹಾಕಿದ ಮೇಲೆ ಸೀಸ ಕರಗಿ, ಹೊಯ್ಯುವ ಬಿಸಿಗೆ, ಅಂದರೆ ಸುಮಾರು 370ರಿಂದ 400 ಡಿಗ್ರಿ ಸೆಲ್ಸಿಯಸ್‌ಗೆ ಬರಲು ಇಪ್ಪತ್ತರಿಂದ ನಲವತ್ತು ನಿಮಿಷ. ಕರಗಿದ ಸೀಸದ ಮೇಲೆ ತೇಲುವ ಕಿಟ್ಟ, ಅಂದರೆ ಕಸದ ಪೊರೆ, ತೆಗೆಯಲು, ಮೇಣ ಹಾಕಿ ಕಲಕಲು ಐದು ನಿಮಿಷ. ಅಚ್ಚು ಹದಕ್ಕೆ ಬರುವವರೆಗೆ ಮೊದಲ ಹದಿನೈದು ಇಪ್ಪತ್ತು ಬುಲೆಟ್ ಸುಕ್ಕು ಸುಕ್ಕಾಗಿ ಬರುತ್ತವೆ, ಅವು ಮತ್ತೆ ಪಾತ್ರೆಗೇ ಹೋಗಬೇಕು. ಇಷ್ಟಾಗುವಾಗ ನಿಮ್ಮ ಒಂದು ಗಂಟೆ ಮುಗಿಯಿತು. ಕೈಗೆ ಲಯ ಸಿಕ್ಕಿ, ಅಚ್ಚು ತಾನಾಗಿ ಬಿಟ್ಟುಕೊಡುವ ಹೊತ್ತಿಗೆ ಸರಿಯಾಗಿ ನೀವು ಗಡಿಯಾರ ನೋಡುತ್ತೀರಿ. ಆಮೇಲೆ ಪಾತ್ರೆ ಆರಲು ಇನ್ನೊಂದು ಗಂಟೆ ಬೇಕು, ಬಿಸಿ ಪಾತ್ರೆ ಬಿಟ್ಟು ಮಲಗಲು ಹೋಗುವ ಹಾಗಿಲ್ಲ. ಬೆಂಚ್ ಒರೆಸಬೇಕು, ಬಟ್ಟೆ ಬದಲಿಸಬೇಕು, ಕೈ ತೊಳೆಯಬೇಕು. ಒಂದು ಗಂಟೆ ಅಂದುಕೊಂಡದ್ದು ಮೂರು ಗಂಟೆ ತಿನ್ನುತ್ತದೆ, ಕೊನೆಗೆ ಉಳಿಯುವುದು ಮೂವತ್ತು ನಲವತ್ತು ಬುಲೆಟ್. ಅದೂ ಸುಮ್ನೆ ಒಪ್ಪಿಕೊಂಡ ಬುಲೆಟ್, ಆರಿಸಿದ್ದಲ್ಲ. ಬೆಳಗ್ಗೆ ಬಿಸಿಲಿನಲ್ಲಿ ನೋಡಿದರೆ ಅದರಲ್ಲೂ ಅರ್ಧಕ್ಕರ್ಧ ಬುಡ ದುಂಡಾಗಿರುತ್ತವೆ.

ಸಮಯದ ಮಾತು ಹಾಗಿರಲಿ, ಸುಸ್ತಿನ ಮಾತು ಇನ್ನೂ ದೊಡ್ಡದು. ಶುದ್ಧ ಸೀಸ ಕರಗುವುದು 327 ಡಿಗ್ರಿಯಲ್ಲಿ. ನೀರು ಕುದಿಯುವುದು 100ರಲ್ಲಿ. ಒಂದು ಹನಿ ನೀರು ಕರಗಿದ ಸೀಸದ ಮೇಲೆ ಬಿದ್ದರೆ ಮೇಲೇ ಚುರ್ ಎಂದು ಆವಿಯಾಗಿ ಹೋಗಬಹುದು. ಅದೇ ಹನಿ ಸೀಸದ ಒಳಗೆ ಹೊಕ್ಕರೆ ಕಥೆ ಬೇರೆ. ಆವಿಯಾದ ನೀರಿಗೆ ಬೇಕಾಗುವ ಜಾಗ ಸುಮಾರು 1,700 ಪಟ್ಟು. ಆ ಜಾಗ ಮಾಡಿಕೊಳ್ಳಲು ಅದು ಮೇಲಿರುವ ಸೀಸವನ್ನೆಲ್ಲ ಹೊರಗೆ ಎಸೆಯುತ್ತದೆ. ಎಚ್ಚರ ಇರುವಾಗ ನಾವು ಸೀಸದ ಗಟ್ಟಿಯನ್ನು, ಅಂದರೆ ಹೊಯ್ದಿಟ್ಟ ಸೀಸದ ತುಂಡನ್ನು, ಪಾತ್ರೆಯ ಅಂಚಿನ ಮೇಲಿಟ್ಟು ಬಿಸಿ ಮಾಡಿಯೇ ಒಳಗೆ ಇಳಿಸುತ್ತೇವೆ. ನಿದ್ದೆಗಣ್ಣಿನಲ್ಲಿ ಅದೇ ಕೈ, ನೆಲದ ಮೇಲಿದ್ದ ತಣ್ಣನೆ ಗಟ್ಟಿಯನ್ನು ಎತ್ತಿ ಸೀದಾ ಒಳಗೆ ಬಿಡುತ್ತದೆ. ನಾನು ಬಿಟ್ಟದ್ದು ಗಟ್ಟಿಯಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದ ಸೌಟು. ಒಂದು ಟಪ್ ಶಬ್ದ, ಅಷ್ಟೇ. ಕನ್ನಡಕದ ಗಾಜಿಗೆ ಮೂರು ಬೆಳ್ಳಿ ಚುಕ್ಕೆ ಅಂಟಿದ್ದವು, ಎರಡು ಬಲಗಣ್ಣಿನ ನೇರಕ್ಕೇ. ಅವತ್ತಿನಿಂದ ಹನ್ನೊಂದು ಗಂಟೆ ಆಫೀಸು ಮಾಡಿ ಬಂದ ದಿನ ನಾನು ಪಾತ್ರೆಗೆ ಸ್ವಿಚ್ ಹಾಕುವುದಿಲ್ಲ.

ಸರಿ, ಈಗ ಆ ಒಂದು ದಿನ ಏನು ಮಾಡಬೇಕು ಅಂತ ಹೇಳುತ್ತೇನೆ. ಪಾತ್ರೆಯಿಂದ ಶುರು ಮಾಡಿ, ಯಾಕೆಂದರೆ ಅದು ಆರಲು ಹೊತ್ತು ಬೇಕು.

ಹೆಪ್ಪುಗಟ್ಟಿದ ಅರ್ಧ ಸೀಸವನ್ನು ಕೊನೆಯ ಸಲ ಕರಗಿಸಿ. ಕಿಟ್ಟ ಚೆನ್ನಾಗಿ ತೆಗೆಯಿರಿ. ನಳಿಕೆಯ ಕವಾಟದ ಸಂದಿಯಲ್ಲಿ ಕೂತ ಕಪ್ಪು ಪುಡಿಯನ್ನೂ ಗೀರಿ ಬಿಡಿಸಿ, ನಳಿಕೆ ತೊಟ್ಟಿಕ್ಕುವುದು ಬಹುಪಾಲು ಅದರಿಂದಲೇ. ಆಮೇಲೆ ಸೀಸವನ್ನೆಲ್ಲ ಗಟ್ಟಿ ಹೊಯ್ದು ತೆಗೆಯಿರಿ, ತಳದಲ್ಲಿ ಒಂದೆರಡು ಬೆರಳು ದಪ್ಪ ಮಾತ್ರ ಬಿಡಿ. ಕೆಲವರು ಪೂರ್ತಿ ಖಾಲಿ ಮಾಡಬೇಕು ಅನ್ನುತ್ತಾರೆ. ನನಗೆ ಇದೇ ಸರಿ ಅನ್ನಿಸಿದೆ. ಬರಿ ಉಕ್ಕಿನ ತಳ ತುಕ್ಕು ಹಿಡಿಯುತ್ತದೆ, ಜೊತೆಗೆ ಮುಂದಿನ ಸಲ ಬಿಸಿ ಬೇಗ ಹರಡಲು ಆ ತಳದ ಸೀಸ ಅನುಕೂಲ. ತುಂಬಿದ ಪಾತ್ರೆಯನ್ನು ಮಾತ್ರ ಹೆಪ್ಪುಗಟ್ಟಿಸಿ ಇಡಬೇಡಿ. ಮತ್ತೆ ಕಾಯಿಸುವಾಗ ತಳ ಮೊದಲು ಕರಗಿ ಮೇಲಿನ ಹೆಪ್ಪು ಮುಚ್ಚಳದ ಹಾಗೆ ಕೂತರೆ, ಹಿಗ್ಗಿದ ಸೀಸ ಸಿಕ್ಕ ಸಂದಿಯಲ್ಲಿ ಚಿಮ್ಮಬಹುದು. ಆರಿದ ಮೇಲೆ ಪ್ಲಗ್ ಕಿತ್ತು, ವೈರ್ ಸುತ್ತಿ, ಪಾತ್ರೆಗೆ ಮುಚ್ಚಳ ಹಾಕಿ. ಮುಚ್ಚಳ ಧೂಳಿಗಷ್ಟೇ ಅಲ್ಲ. ಜಿರಳೆ ಸತ್ತು ಬಿದ್ದರೂ ಅದು ಪಾತ್ರೆಯೊಳಗೆ ತೇವವೇ.

ಗಟ್ಟಿಗಳ ವಿಷಯದಲ್ಲಿ ಒಂದೇ ಮಾತು: ಹೆಸರು ಬರೆಯಿರಿ. ನಿಮಗೆ ಇವತ್ತು ಯಾವುದು ಏನು ಅಂತ ಗೊತ್ತು. ಒಂದು ವರ್ಷದ ಮೇಲೆ ಎಲ್ಲ ಗಟ್ಟಿಯೂ ಬೂದು ಬಣ್ಣವೇ. ಗಡಸುತನವನ್ನು ಬ್ರಿನೆಲ್ ಅಳತೆಯಲ್ಲಿ ಹೇಳುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಲೋಹ ಗಡಸು. ಶುದ್ಧ ಸೀಸದ್ದು 5ರ ಆಸುಪಾಸು. 90 ಪಾಲು ಸೀಸ, 5 ಪಾಲು ತವರ, 5 ಪಾಲು ಆಂಟಿಮನಿ ಸೇರಿದ ಲೈಮನ್ ನಂಬರ್ 2 ಅನ್ನುವ ಬುಲೆಟ್ ಮಿಶ್ರಣದ್ದು ಸುಮಾರು 15. ಲೈನೋಟೈಪ್ ಲೋಹದ್ದು 22ರ ಹತ್ತಿರ, ಅದರಲ್ಲಿ 12 ಪಾಲು ಆಂಟಿಮನಿ, 4 ಪಾಲು ತವರ. ಹಳೆಯ ಮುದ್ರಣಾಲಯಗಳಲ್ಲಿ ಅಕ್ಷರದ ಸಾಲುಗಳನ್ನು ಎರಕ ಹೊಯ್ಯುತ್ತಿದ್ದ ಲೋಹ ಅದು. ಕನ್ನಡದಲ್ಲಿ ಬುಲೆಟ್ ಹೊಯ್ಯುವುದಕ್ಕೂ ಅಚ್ಚು, ಪುಸ್ತಕ ಹಾಕುವುದಕ್ಕೂ ಅಚ್ಚು, ನೋಡಿ. ಎರಡೂ ಕಡೆ ಕರಗುತ್ತಿದ್ದದ್ದು ಒಂದೇ ವಂಶದ ಸೀಸ. ಇರಲಿ. ಶಾಶ್ವತ ಮಾರ್ಕರ್ ಪೆನ್ನಿನಲ್ಲಿ ಬರೆದರೆ ಮಾಸುತ್ತದೆ. ಅಕ್ಷರದ ಉಕ್ಕಿನ ಪಂಚ್ ಇದ್ದರೆ ಪ್ರತಿ ಗಟ್ಟಿಯ ಬೆನ್ನಿಗೂ ಒಂದು ಗುರುತು ಹೊಡೆಯಿರಿ, ಗುರುತಿನ ಅರ್ಥವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಈಗಾಗಲೇ ಗುರುತು ತಪ್ಪಿದ ಗಟ್ಟಿ ಇದ್ದರೆ ಚಿತ್ರ ಬಿಡಿಸುವ ಪೆನ್ಸಿಲ್‌ಗಳ ಸೆಟ್ ತನ್ನಿ. ಮೆತ್ತಗಿನ ಪೆನ್ಸಿಲ್‌ನಿಂದ ಗಟ್ಟಿಯದರ ಕಡೆಗೆ ಒಂದೊಂದಾಗಿ ಗೀರುತ್ತಾ ಹೋಗಿ. ಯಾವ ಪೆನ್ಸಿಲ್ ಜಾರದೆ ಲೋಹವನ್ನು ಕೊರೆಯಲು ಶುರು ಮಾಡಿತು ಅಂತ ನೋಡಿದರೆ ಗಡಸುತನದ ಅಂದಾಜು ಸಿಗುತ್ತದೆ.

ಗಾಡಿ ಚಕ್ರದ ತೂಕ ಸರಿದೂಗಿಸಲು ಹಾಕುವ, ಇನ್ನೂ ಕರಗಿಸದ ವೀಲ್ ವೇಟ್‌ಗಳ ಬಕೆಟ್ ಇದ್ದರೆ ಅದನ್ನು ಹಾಗೇ ಮುಚ್ಚಿಡಿ, ಆತುರಕ್ಕೆ ಬಿದ್ದು ಕರಗಿಸಬೇಡಿ. ಅದರಲ್ಲಿ ಬೆರೆತಿರುವ ಸತುವಿನ ತುಂಡುಗಳನ್ನು ಒಂದೊಂದಾಗಿ ಆರಿಸಬೇಕಾದ ಕೆಲಸ ಅದು. ಸತು ಕರಗುವುದು ಸುಮಾರು 420 ಡಿಗ್ರಿಯಲ್ಲಿ. ತಾಳ್ಮೆಯಿಂದ ಬಿಸಿ ಕಡಿಮೆ ಇಟ್ಟರೆ ಕಣ್ಣು ತಪ್ಪಿ ಹೋದ ಸತುವೂ ಮೇಲೆ ತೇಲುತ್ತದೆ, ಸೌಟಿನಲ್ಲಿ ಎತ್ತಿ ಹಾಕಬಹುದು. ಬೇಗ ಮುಗಿಸೋಣ ಅಂತ ಬಿಸಿ ಏರಿಸಿದರೆ ಅದೂ ಕರಗಿ ಸೇರಿಕೊಳ್ಳುತ್ತದೆ, ಆ ಪಾತ್ರೆಯ ಸೀಸವೆಲ್ಲ ಗಂಜಿಯ ಹಾಗೆ ಆಗುತ್ತದೆ.

ಅಚ್ಚುಗಳಿಗೆ ಬರೋಣ. ಅಲ್ಯೂಮಿನಿಯಂ ಅಚ್ಚು ಪಾಪದ್ದು, ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ಒರೆಸಿ ಒಣಗಿದ ಡಬ್ಬದಲ್ಲಿಟ್ಟರೆ ಸಾಕು. ಅದರ ತಿರುಪು, ಮೇಲಿನ ಕತ್ತರಿ ತಟ್ಟೆ ಮಾತ್ರ ಉಕ್ಕಿನವು, ಅವಕ್ಕೆ ಒಂದು ಹನಿ ಎಣ್ಣೆ. ಕಬ್ಬಿಣದ ಅಚ್ಚಿಗೆ ಪೂರ್ತಿ ಉಪಚಾರ ಬೇಕು. ಸ್ವಲ್ಪ ಬೆಚ್ಚಗಿರುವಾಗಲೇ, ಅಂದರೆ ತೇವ ಇಲ್ಲ ಅಂತ ಖಾತ್ರಿ ಇರುವಾಗ, ತುಕ್ಕು ತಡೆಯುವ ತೆಳು ಎಣ್ಣೆಯನ್ನು ಒಳಗೂ ಹೊರಗೂ ಬ್ರಷ್ಷಿನಿಂದ ಹಚ್ಚಿ. ಗಾಳಿ ಹೋಗುವ ಗೆರೆಗಳಿಗೆ ಎಣ್ಣೆ ಇಳಿಯಬೇಕು. ಎಣ್ಣೆ ಹಚ್ಚಿದ ಮೇಲೆ ಒಳಭಾಗಕ್ಕೆ ಬರಿ ಬೆರಳು ತಾಗಿಸಬೇಡಿ, ನನ್ನ ಹೆಬ್ಬೆರಳಿನ ಕಥೆ ಆಗಲೇ ಹೇಳಿದೆ. ಬೆವರಿನ ಉಪ್ಪು ಕಬ್ಬಿಣವನ್ನು ಬಿಡುವುದಿಲ್ಲ. ತುಕ್ಕು ತಡೆಯುವ ವಿಸಿಐ ಕಾಗದ ಸಿಕ್ಕಿದರೆ ಅದರಲ್ಲಿ ಸುತ್ತಿ, ರಬ್ಬರ್ ಅಂಚಿನ ಬಿಗಿ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಣ್ಣ ಬದಲಿಸುವ ಜೆಲ್ ತೆಗೆದುಕೊಂಡರೆ ಡಬ್ಬ ತೆರೆದ ಕ್ಷಣಕ್ಕೇ ಒಳಗೆ ತೇವ ಸೇರಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಕೊನೆಯ ಬುಲೆಟ್ಟನ್ನು ಅಚ್ಚಿನೊಳಗೇ ಬಿಟ್ಟು ಮುಚ್ಚಿಡುವ ಪದ್ಧತಿ ಕೆಲವು ಹಳಬರಲ್ಲಿದೆ. ಒಳಗೆ ಗಾಳಿ ಆಡುವುದಿಲ್ಲ, ತುಕ್ಕು ಬರುವುದಿಲ್ಲ ಅನ್ನುವುದು ಅವರ ವಾದ. ಸೀಸ ಆರಿದಾಗ ಕೂದಲೆಳೆಯಷ್ಟು ಕುಗ್ಗುತ್ತದೆ, ಆ ಸಂದಿಯಲ್ಲಿ ತೇವ ಸಿಕ್ಕಿಬಿದ್ದರೆ ಹೊರಗೆ ಬರಲು ದಾರಿಯೇ ಇಲ್ಲ. ಒಂದು ವಾರಕ್ಕಾದರೆ ಸರಿ, ವರ್ಷಕ್ಕೆ ನಾನು ಹಾಗೆ ಮಾಡುವುದಿಲ್ಲ.

ಈಗ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಗಾಬರಿ ಹುಟ್ಟಿಸಿದ ವಿಷಯ. ಪಾತ್ರೆಯಲ್ಲ, ಮರದ ಡ್ರಾಯರ್.

ಮರ ಉಸಿರಾಡುತ್ತದೆ. ಓಕ್‌ನಂಥ ಮರ, ಪ್ಲೈವುಡ್, ಮರದ ಪುಡಿ ಒತ್ತಿದ ಹಲಗೆ, ಇವೆಲ್ಲ ವರ್ಷಗಟ್ಟಲೆ ಅಸಿಟಿಕ್ ಆಮ್ಲದ ಆವಿಯನ್ನು ಒಂಚೂರು ಒಂಚೂರೇ ಬಿಡುತ್ತಿರುತ್ತವೆ. ಅಸಿಟಿಕ್ ಆಮ್ಲ ಅಂದರೆ ವಿನೆಗರ್‌ನ ಹುಳಿ. ಮುಚ್ಚಿದ ಡ್ರಾಯರಿನಲ್ಲಿ ಆ ಆವಿ, ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಮೂರೂ ಸೇರಿ ಸೀಸವನ್ನು ಮೆಲ್ಲಗೆ ತಿನ್ನುತ್ತವೆ. ಬುಲೆಟ್ ಮೇಲೆ ಮೊದಲು ಮಂಕು ಬರುತ್ತದೆ, ಆಮೇಲೆ ಬೂಷ್ಟು ಹಿಡಿದ ಹಾಗೆ ಬಿಳಿ ಪುಡಿ. ಅದು ಸೀಸದ ಕಾರ್ಬೊನೇಟ್. ಮರದ ಕಪಾಟಿನಲ್ಲಿಟ್ಟ ಸೀಸದ ವಸ್ತುಗಳು ಹೀಗೆ ಪುಡಿಯಾಗುವುದು ವಸ್ತುಸಂಗ್ರಹಾಲಯದವರಿಗೆ ಹಳೆಯ ತಲೆನೋವು. ತಮಾಷೆ ಏನೆಂದರೆ, ಹಿಂದೆ ಚಿತ್ರಕಾರರ ಬಿಳಿ ಬಣ್ಣವನ್ನು ಬೇಕಂತಲೇ ಹೀಗೆ ತಯಾರಿಸುತ್ತಿದ್ದರು. ಸೀಸದ ಸುರುಳಿಯನ್ನು ವಿನೆಗರ್ ಇರುವ ಮಡಕೆಯಲ್ಲಿಟ್ಟು, ಸುತ್ತ ಗೊಬ್ಬರ ತುಂಬಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ಗೊಬ್ಬರದಿಂದ ಬಿಸಿಯೂ ಇಂಗಾಲದ ಡೈಆಕ್ಸೈಡೂ ಸಿಗುತ್ತಿತ್ತು. ನಿಮ್ಮ ಡ್ರಾಯರ್ ಆ ಮಡಕೆಯ ನಿಧಾನದ ತಮ್ಮ.

ಗಟ್ಟಿ ಸೀಸ ಕೈಯಲ್ಲಿ ಹಿಡಿದರೆ ಅಷ್ಟು ಅಪಾಯವಿಲ್ಲ, ಕೈ ತೊಳೆದರೆ ಆಯಿತು. ಈ ಬಿಳಿ ಪುಡಿ ಹಾಗಲ್ಲ. ಡ್ರಾಯರ್ ಎಳೆದಾಗ ಹಾರುತ್ತದೆ, ಮೂಗಿಗೆ ಹೋಗುತ್ತದೆ, ಬಟ್ಟೆಗೆ ಕೂತು ಮನೆಯೊಳಗೆ ಬರುತ್ತದೆ. ಅದಕ್ಕೇ ಬುಲೆಟ್ಟುಗಳನ್ನು ಇವತ್ತೇ ಪ್ಲಾಸ್ಟಿಕ್, ಗಾಜು ಅಥವಾ ಉಕ್ಕಿನ ಬಿಗಿ ಡಬ್ಬಕ್ಕೆ ಬದಲಿಸಿ. ಈಗಾಗಲೇ ಬೆಳ್ಳಗಾದದ್ದು ಕಂಡರೆ ಊದಬೇಡಿ, ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಕೈಗವಸು ಹಾಕಿ, ಒದ್ದೆ ಬಟ್ಟೆಯಲ್ಲಿ ಎತ್ತಿ ಬೇರೆ ಡಬ್ಬದಲ್ಲಿ ಮುಚ್ಚಿಡಿ. ಆ ಡ್ರಾಯರನ್ನೂ ಒದ್ದೆ ಬಟ್ಟೆಯಿಂದಲೇ ಒರೆಸಿ. ಕೆಟ್ಟದ್ದನ್ನು ಮುಂದೆ ಕರಗಿಸಬಹುದು, ಆದರೆ ಪೂರ್ತಿ ಒಣಗಿದ ಮೇಲೆ ಮಾತ್ರ.

ಲೂಬ್ ಈಗ ಹಚ್ಚಬೇಕಾ ಅಂದರೆ, ಬೇಡ. ಜೇನುಮೇಣದ ಲೂಬ್ ಆಗಲಿ, ಅಂಟಂಟಾಗಿ ಉಳಿಯುವ ದ್ರವದ ಲೂಬ್ ಆಗಲಿ ವರ್ಷವಿಡೀ ಧೂಳು ಹಿಡಿದುಕೊಂಡು ಕೂರುತ್ತದೆ. ಸೈಜ್ ಮಾಡುವುದನ್ನೂ, ಅಂದರೆ ಬುಲೆಟ್ಟನ್ನು ಅಳತೆಯ ರಂಧ್ರದಲ್ಲಿ ತೂರಿಸಿ ವ್ಯಾಸ ಸರಿ ಮಾಡುವುದನ್ನೂ, ಮುಂದಕ್ಕೆ ಹಾಕಿ. ಆಂಟಿಮನಿ ಇರುವ ಬುಲೆಟ್ ಹೊಯ್ದ ಮೇಲೂ ಕೆಲವು ವಾರ ಒಳಗೊಳಗೇ ಬದಲಾಗುತ್ತಿರುತ್ತದೆ. ಗಡಸಾಗುತ್ತದೆ, ವ್ಯಾಸವೂ ಒಂಚೂರು ಹಿಗ್ಗಬಹುದು. ನೀರಿಗೆ ಬೀಳಿಸಿ ಗಡಸು ಮಾಡಿದ್ದಾದರೆ ದೀರ್ಘ ಕಾಲದಲ್ಲಿ ಆ ಗಡಸುತನ ಸ್ವಲ್ಪ ಇಳಿಯಲೂಬಹುದು. ಹಾಗಾಗಿ ಒಂದು ವರ್ಷದ ಮೇಲೆ ಹತ್ತು ಬುಲೆಟ್ ತೆಗೆದು ಮೈಕ್ರೋಮೀಟರಿನಲ್ಲಿ ಅಳೆದು, ಗಡಸುತನ ನೋಡಿ, ಆಮೇಲೆ ಸೈಜ್ ಮಾಡುವುದೇ ಲೇಸು. ಡಬ್ಬದ ಮೇಲೆ ಅಚ್ಚಿನ ನಂಬರ್, ಮಿಶ್ರಣ, ಹೊಯ್ದ ತಾರೀಕು, ನೀರಿಗೆ ಬಿದ್ದದ್ದೋ ಗಾಳಿಯಲ್ಲಿ ಆರಿದ್ದೋ, ಇಷ್ಟು ಬರೆದರೆ ಸಾಕು.

ನೀವು ಹೇಳಿಲ್ಲ, ಆದರೆ ಬುಲೆಟ್ ಹೊಯ್ಯುವವರು ಸಾಮಾನ್ಯವಾಗಿ ತೋಟಾ ತುಂಬುವವರೂ ಆಗಿರುತ್ತಾರೆ. ಹಾಗಿದ್ದರೆ ಆ ಬೆಂಚನ್ನೂ ಅವತ್ತೇ ನೋಡಿ. ಮದ್ದು ಅಳೆಯುವ ಸಾಧನದ ಡಬ್ಬಿಯಲ್ಲಿ ಪುಡಿ ಬಿಡಬಾರದು. ಕೆಲವು ಮದ್ದು ಆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ, ಅದಕ್ಕಿಂತ ಮುಖ್ಯವಾಗಿ ಅದು ಯಾವ ಮದ್ದು ಅನ್ನುವುದು ನಿಮಗೆ ಮರೆತುಹೋಗುತ್ತದೆ. ಇವತ್ತು ಖಾತ್ರಿ ಇದ್ದರೆ ಅದರದೇ ಮೂಲ ಡಬ್ಬಿಗೆ ವಾಪಸ್ ಹಾಕಿ. ಒಂಚೂರು ಅನುಮಾನ ಇದ್ದರೂ ಅದನ್ನು ಬಳಸುವ ಮಾತೇ ಇಲ್ಲ. ಅರ್ಧ ತುಂಬಿದ ಕೇಸುಗಳನ್ನು ಹಾಗೇ ಬಿಟ್ಟು ಹೋಗಬೇಡಿ, ಒಂದೋ ಮುಗಿಸಿ, ಇಲ್ಲ ಖಾಲಿ ಮಾಡಿ. ಮದ್ದು, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಬಟ್ಟಲು), ಬಂದೂಕು ಇವುಗಳನ್ನು ಹೇಗೆ, ಎಷ್ಟು ಇಡಬಹುದು ಅನ್ನುವುದಕ್ಕೆ ನೀವಿರುವ ಕಡೆಯ ಕಾನೂನೇ ಕೊನೆಯ ಮಾತು. ಹವ್ಯಾಸಕ್ಕೆ ರಜೆ ಇರಬಹುದು, ಲೈಸೆನ್ಸ್ ನವೀಕರಣದ ತಾರೀಕಿಗೆ ರಜೆ ಇಲ್ಲ. ಫೋನಿನಲ್ಲಿ ಅಲಾರಂ ಇಡಿ.

ಇನ್ನು ನಿಮ್ಮ ಹೆಂಡತಿಯವರ ಭಯ. ಅವರು ಹೇಳುವುದು ಸರಿ ಇದೆ. ಒಂದು ಕಡೆ ಮಾತ್ರ ತಿದ್ದಬೇಕು. ತುಂಬಾ ಜನ ಹೊಗೆಗೆ ಹೆದರುತ್ತಾರೆ. ಸೀಸ ಕುದಿಯುವುದು 1,749 ಡಿಗ್ರಿಯಲ್ಲಿ. ನಮ್ಮ ಪಾತ್ರೆಯ 400 ಡಿಗ್ರಿಗೆ ಅದು ಆವಿಯಾಗುವುದು ತೀರಾ ಕಡಿಮೆ. ಗಾಳಿಯಾಡುವ ಜಾಗ ಬೇಕೇ ಬೇಕು, ಇಲ್ಲ ಅನ್ನುತ್ತಿಲ್ಲ. ಆದರೆ ಮನೆಗೆ ಸೀಸ ಬರುವ ಹೆದ್ದಾರಿ ಅಂದರೆ ಧೂಳು. ಕಿಟ್ಟದ ಪುಡಿ, ಬೆಂಚಿನ ಮೇಲಿನ ಬೂದಿ, ಚಪ್ಪಲಿಯ ತಳ, ಅಂಗಿಯ ತೋಳು. ಮಕ್ಕಳು ನೆಲದ ಮೇಲೆ ಆಡುತ್ತಾರೆ, ಕೈ ಬಾಯಿಗೆ ಹಾಕುತ್ತಾರೆ, ಅವರ ಮೈ ಸೀಸವನ್ನು ದೊಡ್ಡವರಿಗಿಂತ ಜಾಸ್ತಿ ಹೀರಿಕೊಳ್ಳುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟಿದ್ದರೆ ಗಮನಿಸಬೇಕು ಅನ್ನುವ ಗಡಿಯನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂನಿಂದ 3.5ಕ್ಕೆ ಇಳಿಸಿತು. ಅದು ಸುರಕ್ಷಿತ ಮಟ್ಟ ಅಂತ ಅಲ್ಲ. ಮಕ್ಕಳಿಗೆ ಸುರಕ್ಷಿತ ಅನ್ನುವ ಮಟ್ಟವನ್ನು ಯಾರೂ ಗುರುತಿಸಿಲ್ಲ.

ಹಾಗಾಗಿ ಶೆಡ್ಡನ್ನು ಪೊರಕೆಯಿಂದ ಗುಡಿಸಬೇಡಿ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಬೇಡ, ಅದು ಸಣ್ಣ ಧೂಳನ್ನು ಹಿಂಬದಿಯಿಂದ ಮತ್ತೆ ಗಾಳಿಗೇ ಬಿಡುತ್ತದೆ. ಸಾಬೂನು ನೀರಿನ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ. ಕಿಟ್ಟ ತುಂಬಿದ ಡಬ್ಬಕ್ಕೆ ಬಿಗಿ ಮುಚ್ಚಳ ಹಾಕಿ ‘ಸೀಸದ ಕಿಟ್ಟ, ವಿಷ’ ಅಂತ ದೊಡ್ಡದಾಗಿ ಬರೆದು, ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೆ ಕೊಡಿ. ಮನೆ ಕಸದ ಬುಟ್ಟಿಗೆ ಹಾಕುವುದಲ್ಲ, ತೋಟದಲ್ಲಿ ಹೂಳುವುದಂತೂ ಅಲ್ಲವೇ ಅಲ್ಲ. ಅವತ್ತು ಹಾಕಿಕೊಂಡ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯಬೇಡಿ. ಸೌಟು, ಬಾಂಡಲಿ ಏನೇ ಆಗಲಿ ಒಮ್ಮೆ ಸೀಸ ಕಂಡಿದ್ದು ಅಡುಗೆ ಮನೆಗೆ ವಾಪಸ್ ಬರುವಂತಿಲ್ಲ. ಕೊನೆಗೆ ಶೆಡ್ಡಿಗೆ ಬೀಗ.

ಈ ರಜೆಯಿಂದ ಒಂದು ಲಾಭವಿದೆ, ಇದನ್ನು ತುಂಬಾ ಜನ ಯೋಚಿಸುವುದಿಲ್ಲ. ಈ ವಾರವೇ ವೈದ್ಯರ ಬಳಿ ಹೋಗಿ, ನಿಮ್ಮ ರಕ್ತದ ಸೀಸದ ಮಟ್ಟ ಪರೀಕ್ಷಿಸಿಕೊಳ್ಳಿ. ಮಗುವಿಗೂ ಬೇಕಾ ಅಂತ ಅವರನ್ನೇ ಕೇಳಿ. ದೊಡ್ಡವರ ರಕ್ತದಲ್ಲಿರುವ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಸಾಕು. ಮೂಳೆ ಸೇರಿದ್ದು ಮಾತ್ರ ವರ್ಷಾನುಗಟ್ಟಲೆ ಉಳಿಯುತ್ತದೆ. ಮೂರು ನಾಲ್ಕು ತಿಂಗಳ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಮೊದಲ ಸಂಖ್ಯೆ ಜಾಸ್ತಿ ಇದ್ದು, ಎರಡನೆಯದು ಚೆನ್ನಾಗಿ ಇಳಿದಿದ್ದರೆ ಸೀಸ ಬರುತ್ತಿದ್ದದ್ದು ಶೆಡ್ಡಿನಿಂದಲೇ, ನಿಮ್ಮ ಅಭ್ಯಾಸದಲ್ಲಿ ಎಲ್ಲೋ ತೂತಿದೆ ಅಂತ ಅರ್ಥ. ಇಳಿಯದಿದ್ದರೆ ಬೇರೆ ಮೂಲ ಹುಡುಕಬೇಕು. ಒಳಾಂಗಣದಲ್ಲಿ ಗುಂಡು ಹಾರಿಸುವ ರೇಂಜ್ ಬಿಡದೆ ಹೋಗುತ್ತಿದ್ದರೆ ಅದೂ ಒಂದು ಮೂಲ, ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಕ ನಡೆಸುತ್ತಲೇ ಇದ್ದರೆ ಈ ಹೋಲಿಕೆ ಸಿಗುವುದೇ ಇಲ್ಲ.

ಮಾರಬೇಡಿ ಅಂದದ್ದಕ್ಕೆ ಕಾರಣ ಭಾವನೆಯಲ್ಲ. ಅಚ್ಚು ಮತ್ತೆ ಕೊಳ್ಳಬಹುದು, ಒಳ್ಳೆಯ ಸೀಸ ಕೂಡಿಸುವುದು ಕಷ್ಟವಾಗುತ್ತಿದೆ. ಯುರೋಪ್ ಒಕ್ಕೂಟ 2005ರಲ್ಲೇ ಕಾರುಗಳ ಸೀಸದ ವೀಲ್ ವೇಟ್ ನಿಲ್ಲಿಸಿತು, ಬೇರೆ ಕಡೆಯೂ ಉಕ್ಕು, ಸತು ಆ ಜಾಗ ಹಿಡಿಯುತ್ತಿವೆ. ಲೈನೋಟೈಪ್ ಯಂತ್ರಗಳು ನಿಂತು ಎಷ್ಟೋ ಕಾಲವಾಯಿತು. ನಿಮ್ಮ ಗುರುತು ಹಾಕಿದ ಗಟ್ಟಿಗಳು ಮೂಲೆಯಲ್ಲಿ ಸುಮ್ನೆ ಕೂತಿದ್ದರೆ ಯಾರಿಗೂ ಭಾರವಲ್ಲ. ನೆಲಕ್ಕೆ ಮಾತ್ರ ಭಾರ, ಅಟ್ಟದ ಮೇಲೆ ಪೇರಿಸಬೇಡಿ. ಎರಡು ವರ್ಷ ಕಳೆದರೂ ಶೆಡ್ಡಿನ ಬೀಗ ತೆಗೆಯುವ ಮನಸ್ಸೇ ಬರದಿದ್ದರೆ ಅವಾಗ ಮಾರುವ ಮಾತಾಡೋಣ.

ಮತ್ತೆ ಶುರು ಮಾಡುವ ದಿನಕ್ಕೆ ಈಗಲೇ ಒಂದು ಚೀಟಿ ಬರೆದು ಪಾತ್ರೆಯ ಮುಚ್ಚಳಕ್ಕೆ ಅಂಟಿಸಿ. ತಳದಲ್ಲಿರುವುದು ಯಾವ ಮಿಶ್ರಣ, ಯಾವ ಬಿಸಿಗೆ ಯಾವ ಅಚ್ಚು ಚೆನ್ನಾಗಿ ಬರುತ್ತಿತ್ತು, ನಳಿಕೆ ಸೋರುತ್ತದೋ ಇಲ್ಲವೋ. ಅದರ ಕೆಳಗೆ ಕೆಂಪು ಶಾಯಿಯಲ್ಲಿ: ಗಟ್ಟಿಗಳನ್ನು ತಣ್ಣನೆ ಪಾತ್ರೆಗೇ ಹಾಕು, ಆಮೇಲೆ ಸ್ವಿಚ್ ಹಾಕು. ವರ್ಷವಿಡೀ ಬಿದ್ದಿದ್ದ ಗಟ್ಟಿಯ ಸಂದಿಯಲ್ಲಿ ತೇವ ಇದ್ದೇ ಇರುತ್ತದೆ ಅಂತಲೇ ತಿಳಿಯಿರಿ. ತಣ್ಣನೆ ಪಾತ್ರೆಯಿಂದ ಶುರು ಮಾಡಿದರೆ ಸೀಸ ಕರಗುವ ಎಷ್ಟೋ ಮೊದಲೇ, 100 ಡಿಗ್ರಿ ದಾಟುವಾಗ ಆ ತೇವ ಹಾರಿಹೋಗುತ್ತದೆ. ಸ್ವಿಚ್ ಹಾಕುವ ಮುಂಚೆ ವೈರನ್ನು ಉದ್ದಕ್ಕೂ ಕೈಯಲ್ಲಿ ಸವರಿ ನೋಡಿ, ಇಲಿ ಕಡಿದಿರಬಹುದು.

ಅಚ್ಚಿನ ಎಣ್ಣೆಯನ್ನು ಪಾತ್ರೆ ತೊಳೆಯುವ ಸಾಬೂನು, ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ತೆಗೆಯಿರಿ. ಒಂದು ಸಲ ಸಾಲದು, ಮೂರು ಸಲ. ಕೂಡಲೇ ಬಿಸಿ ಮಾಡಿ ಒಣಗಿಸಿ, ಅಚ್ಚು ಪೂರ್ತಿ ಒಣಗುವವರೆಗೆ ಕರಗಿದ ಸೀಸದ ಹತ್ತಿರಕ್ಕೂ ತರಬೇಡಿ. ಇಷ್ಟು ಮಾಡಿದರೂ ಮೊದಲ ಬುಲೆಟ್‌ಗಳು ಮುದುಕರ ಕೆನ್ನೆಯ ಹಾಗೆ ಸುಕ್ಕಾಗಿ ಬರುತ್ತವೆ. ಗೆರೆಗಳೊಳಗೆ ಉಳಿದ ಎಣ್ಣೆ ಸುಟ್ಟು ಹೋಗುವವರೆಗೆ ಹಾಗೇ. ಬಿಸಿ ಏರಿಸಬೇಡಿ, ತವರ ಸುರಿಯಬೇಡಿ, ಹೊಯ್ಯುತ್ತಾ ಹೋಗಿ. ಇಪ್ಪತ್ತೈದು ಮೂವತ್ತರ ಆಸುಪಾಸಿನಲ್ಲಿ ಒಂದು ಬುಲೆಟ್ ಬುಡದ ಅಂಚು ಚೂಪಾಗಿ, ಮೈಯೆಲ್ಲ ಹೊಳೆಯುತ್ತಾ, ತಟ್ಟದೆಯೇ ಉದುರುತ್ತದೆ.